ಚಿಕ್ಕ ಶೆಲ್ ಎಲ್ಲಿ ಕುಸಿಯುತ್ತದೆ: ಬ್ಯುಸಿಬಾಕ್ಸ್ ದೋಷಗಳ ಹಿನ್ನೆಲೆ

ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ಯಂತ್ರದ ಅಂಕಿಅಂಶ ಕಳಿಸುವ ಗೇಟ್‌ವೇ ಇರಲಿ, ಬುಧವಾರ ಪೇಠದ ತಪಕೀರ್ ಗಲ್ಲಿಯಿಂದ ತಂದ ರೌಟರ್ ಇರಲಿ, ಒಳಗೆ ಲಿನಕ್ಸ್ ಓಡುತ್ತಿದ್ದರೆ ಹೆಚ್ಚಾಗಿ ಜೊತೆಗೆ ಬ್ಯುಸಿಬಾಕ್ಸ್, ಅಂದರೆ ಹಲವು ಲಿನಕ್ಸ್ ಆಜ್ಞೆಗಳನ್ನು ಕೂಡಿಸಿದ ಒಂದೇ ಪುಟ್ಟ ಪ್ರೋಗ್ರಾಮ್, ಇರುತ್ತದೆ. ಪುಣೆಯಲ್ಲಿ ಇಂಥ ಪೆಟ್ಟಿಗೆಗಳಿಗೆ ಫರ್ಮ್‌ವೇರ್ ಬರೆಯುವ ಕನ್ನಡಿಗರು ಅದರ ಶೆಲ್ಲನ್ನು, ಅಂದರೆ ಕೊಟ್ಟ ಆಜ್ಞೆಗಳನ್ನು ಓದಿ ಓಡಿಸುವ ಭಾಗವನ್ನು, ದಿನವೂ ಬಳಸುತ್ತಾರೆ, ಆದರೆ ಅದರ ಒಳಗೆ ಇಣುಕುವ ಪ್ರಸಂಗ ಅಪರೂಪ.

ಕೆನೆತ್ ಆಮ್‌ಕ್ವಿಸ್ಟ್ 1989ರಲ್ಲಿ ಬರೆದ ಪುಟ್ಟ ಶೆಲ್ಲೇ ಆಶ್. ಕೆಲವು ವರ್ಷಗಳ ನಂತರ ಬ್ರೂಸ್ ಪೆರೆನ್ಸ್, ಡೆಬಿಯನ್ ಅನುಸ್ಥಾಪನೆಯನ್ನು ಒಂದೇ ಫ್ಲಾಪಿಯಲ್ಲಿ, ಅಂದರೆ 1.44 ಎಂಬಿಯಲ್ಲಿ ಕೂರಿಸಲು ಬ್ಯುಸಿಬಾಕ್ಸ್ ಕಟ್ಟಿದರು. ಆಶ್ ಮುಂದೆ ಅದರೊಳಗೆ ಸೇರಿತು. ಆಶ್‌ಗೆ ಫೋರ್ಕ್, ಅಂದರೆ ಓಡುತ್ತಿರುವ ಪ್ರಾಸೆಸ್‌ನ ನಕಲು ಮಾಡುವ ಕರೆ, ಬೇಕೇಬೇಕು. ಎಂಎಂಯು (ಪ್ರತಿ ಪ್ರಾಸೆಸ್‌ನ ಮೆಮೊರಿಯನ್ನು ಬೇರೆಬೇರೆ ಇಡುವ ಘಟಕ) ಇಲ್ಲದ ಚಿಪ್‌ಗಳಲ್ಲಿ ಫೋರ್ಕ್ ಸಿಗದ ಕಾರಣ ಆಶ್ ಓಡದು, ಅಲ್ಲಿ ಹಶ್ ಎಂಬ ಇನ್ನೊಂದು ಶೆಲ್ ಬಳಸುತ್ತಾರೆ. ಸೀರಿಯಲ್ ಕೇಬಲ್ ಹಿಡಿದು ಕೂತ ಎಂಜಿನಿಯರ್ ಟೈಪ್ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ನಡೆದ ಈ ಶೆಲ್‌ಗಳ ಬೆನ್ನಿಗೆ, ರೌಟರುಗಳ ಕಾಲದಲ್ಲಿ ವೆಬ್ ಫಾರ್ಮ್‌ಗಳು ಬಿದ್ದವು. 'ಪಿಂಗ್ ಮಾಡಬೇಕಾದ ವಿಳಾಸ' ಎಂಬ ಡಬ್ಬಿಯಲ್ಲಿ ಬಳಕೆದಾರ ತುಂಬಿದ್ದು ನೇರ ಶೆಲ್ ಸಾಲಿಗೆ ಸೇರತೊಡಗಿತು.

2021ರ ನವೆಂಬರ್‌ನಲ್ಲಿ ಜೆಫ್ರಾಗ್ ಮತ್ತು ಕ್ಲಾರೊಟಿ ಕಂಪನಿಗಳ ಭದ್ರತಾ ತಂಡಗಳು ಬ್ಯುಸಿಬಾಕ್ಸ್‌ನ 14 ದೋಷಗಳನ್ನು ಬಯಲಿಗೆ ತಂದವು. 9 ಆಕ್‌ನಲ್ಲಿ (ಪಠ್ಯ ಸಂಸ್ಕರಿಸುವ ಆಜ್ಞೆ), ತಲಾ ಒಂದು ಮ್ಯಾನ್ (ಕೈಪಿಡಿ ತೋರಿಸುವ ಆಜ್ಞೆ) ಮತ್ತು ಎಲ್‌ಜೆಡ್‌ಎಂಎ (ಫೈಲ್ ಕುಗ್ಗಿಸುವ ಪದ್ಧತಿ) ಭಾಗದಲ್ಲಿ. ಉಳಿದ ಮೂರು ಶೆಲ್‌ಗಳವು.

ಸಿವಿಇ-2021-42376 (ಸಿವಿಇ ಎಂದರೆ ಭದ್ರತಾ ದೋಷಕ್ಕೆ ಕೊಡುವ ಸಾರ್ವಜನಿಕ ಸಂಖ್ಯೆ) ಇವುಗಳಲ್ಲಿ ಹೆಚ್ಚು ಕಲಿಸುವಂಥದ್ದು. ಸಾಲನ್ನು ಓದುವಾಗ ಹಶ್, ಪ್ರತಿ ವೇರಿಯಬಲ್ ಹೆಸರಿನ ಹಿಂದೆ ಮುಂದೆ ಆಸ್ಕಿ 3, ಅಂದರೆ ಕಂಟ್ರೋಲ್-ಸಿ ಅಕ್ಷರವನ್ನು ತನ್ನ ಖಾಸಗಿ ಗುರುತಾಗಿ ಇಡುತ್ತದೆ. ವೇರಿಯಬಲ್‌ನ ಮೌಲ್ಯ ತುಂಬುವ ಹಂತದಲ್ಲಿ ಆ ಜೋಡಿಯನ್ನೇ ಹುಡುಕುತ್ತದೆ. ಅದೇ ಅಕ್ಷರ ಹೊರಗಿನಿಂದ ಒಂಟಿಯಾಗಿ ಬಂದರೆ? ಮುಚ್ಚುವ ಗುರುತು ಸಿಗದೆ ಶೂನ್ಯ ಪಾಯಿಂಟರ್ (ಎಲ್ಲಿಗೂ ತೋರದ ಮೆಮೊರಿ ವಿಳಾಸ) ಕೈಗೆ ಬರುತ್ತದೆ. ಪರೀಕ್ಷಿಸದೆ ಮುಂದೆ ಹೋದ ಶೆಲ್ ಅಲ್ಲೇ ಸಾಯುತ್ತದೆ. ಆಶ್‌ನ 42375 ಕೂಡ ಹತ್ತಿರದ ನಂಟು: ಬಂದ ಅಕ್ಷರಗಳನ್ನು ಕಾಯ್ದಿರಿಸಿದ ಅಕ್ಷರಗಳೆಂದು ತಪ್ಪು ತಿಳಿಯುವುದು. 42377 ಬೇರೆ ಜಾತಿ. && ಆದ ಮೇಲೆ ಆಜ್ಞೆ ಬರಬೇಕಾದಲ್ಲಿ ಮತ್ತೊಂದು & ಬಂದಾಗ, ಹಶ್ ಫ್ರೀ ಮಾಡಬಾರದ ಪಾಯಿಂಟರನ್ನು ಫ್ರೀ ಮಾಡುತ್ತಿತ್ತು, ಅಂದರೆ ಬಿಟ್ಟುಕೊಡಬಾರದ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು. ಕುಸಿತವಷ್ಟೇ ಅಲ್ಲ, ಕೋಡ್ ಓಡಿಸುವ ಸಾಧ್ಯತೆಯೂ ಇದ್ದುದರಿಂದ ಮೂರರಲ್ಲಿ ಇದೇ ಹೆಚ್ಚು ಅಪಾಯದ್ದು.

ಶೆಲ್‌ಗೆ ಬೇಕಾದ ಆಜ್ಞೆ ಕೊಡಬಲ್ಲವನು ಅದನ್ನೇಕೆ ಬೀಳಿಸುತ್ತಾನೆ? ನ್ಯಾಯವಾದ ಪ್ರಶ್ನೆ. ಈ ದೋಷಗಳಿಗೆ ಬೆಲೆ ಬರುವುದು ಅರೆಬರೆ ಸೋಸುವ ಫಾರ್ಮ್‌ಗಳಲ್ಲಿ. ಅರ್ಧವಿರಾಮ, ಪೈಪ್, ಡಾಲರ್ ಚಿಹ್ನೆಗಳನ್ನು ತಡೆದವರಿಗೆ ಕಂಟ್ರೋಲ್-ಸಿ ಹೊಳೆದಿರುವುದಿಲ್ಲ. ಹಾಗಾಗಿ ತಡೆಪಟ್ಟಿಯನ್ನು ಬಿಡಿ: ವಿಳಾಸಕ್ಕೆ ಅಂಕಿ, ಅಕ್ಷರ, ಚುಕ್ಕಿ, ಅಡ್ಡಗೆರೆ ಮಾತ್ರ ಒಪ್ಪಿ, ಮೊದಲ ಅಕ್ಷರ ಅಡ್ಡಗೆರೆ ಆಗಿರಬಾರದು. ಇನ್ನೂ ಒಳ್ಳೆಯದು, ಸಾಲನ್ನು ಶೆಲ್‌ಗೆ ಒಪ್ಪಿಸುವ ಸಿಸ್ಟಮ್ ಫಂಕ್ಷನ್ ಕರೆಯದೆ, ಪ್ರೋಗ್ರಾಮನ್ನು ನೇರ ಓಡಿಸುವ ಎಕ್ಸೆಕ್‌ಗೆ ಆರ್ಗ್ಯುಮೆಂಟ್‌ಗಳನ್ನು ಬಿಡಿಬಿಡಿಯಾಗಿ ಕೊಡುವುದು; ಆಗ ನಡುವೆ ಶೆಲ್ಲೇ ಬರುವುದಿಲ್ಲ.

ಒಂದು ಶೆಲ್ ಸತ್ತರೆ ಸಾಧನವೇ ನಿಲ್ಲಬೇಕೆಂದಿಲ್ಲ. ಸಾಯುವುದು ಮುಖ್ಯ ಪ್ರೋಗ್ರಾಮ್ ಹುಟ್ಟಿಸಿದ ಮಗು ಪ್ರಾಸೆಸ್. ಆದರೆ ನೆಟ್‌ವರ್ಕ್ ಇಳಿಸಿ, ಬದಲಿಸಿ, ಏರಿಸುವ ಸ್ಕ್ರಿಪ್ಟ್ ನಡುವೆ ಬಿದ್ದರೆ ನೆಟ್‌ವರ್ಕ್ ಇಳಿದೇ ಇರುತ್ತದೆ. ವಾಚ್‌ಡಾಗ್‌ಗೆ (ಆಗಾಗ ಸುಳಿವು ಸಿಗದಿದ್ದರೆ ಸಾಧನವನ್ನು ರೀಬೂಟ್ ಮಾಡುವ ಗಡಿಯಾರಕ್ಕೆ) ಸುಳಿವು ಮುಟ್ಟಿಸುವ ಕೆಲಸ ಅಂಥದ್ದೇ ಸ್ಕ್ರಿಪ್ಟಿನದಾಗಿದ್ದರೆ ಪೆಟ್ಟಿಗೆ ಮತ್ತೆ ಮತ್ತೆ ರೀಬೂಟ್ ಆಗುತ್ತದೆ. ಎಂಎಂಯು ಇಲ್ಲದ ಬೋರ್ಡ್‌ಗಳಲ್ಲಿ ಇನ್ನೂ ಕಷ್ಟ: ಸ್ಟ್ಯಾಕ್ (ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿ) ಮಿತಿ ಮೀರಿದರೂ ತಡೆಯುವವರಿಲ್ಲ, ಪಕ್ಕದ ಮೆಮೊರಿ ಸದ್ದಿಲ್ಲದೆ ಕೆಡುತ್ತದೆ.

ಮೂರೂ ದೋಷಗಳು 2021ರ ಆಗಸ್ಟ್‌ನ ಬ್ಯುಸಿಬಾಕ್ಸ್ 1.34.0 ಆವೃತ್ತಿಯಲ್ಲಿ ಸರಿಯಾದವು. ನಂತರ ಆಶ್‌ನ ಲೆಕ್ಕಾಚಾರದ ಭಾಗದಲ್ಲಿ ಸ್ಟ್ಯಾಕ್ ಮೀರುವ ಸಿವಿಇ-2022-48174 ಬಂತು, ಆದ್ದರಿಂದ 1.34 ಇದೆ ಎಂದು ಸುಮ್ಮನಾಗುವಂತಿಲ್ಲ. ಸೀರಿಯಲ್ ಪೋರ್ಟಿಗೆ ಹೋಗಿ (ಸಾಮಾನ್ಯವಾಗಿ 3.3 ವೋಲ್ಟ್, 115200 ಬಾಡ್) ಬ್ಯುಸಿಬಾಕ್ಸ್ ಎಂದಷ್ಟೇ ಕೊಟ್ಟರೆ ಮೊದಲ ಸಾಲಿನಲ್ಲಿ ಆವೃತ್ತಿ ಕಾಣುತ್ತದೆ. ಚಿಪ್ ಮಾರಿದವರ ಹಳೆಯ ಎಸ್‌ಡಿಕೆ (ತಂತ್ರಾಂಶ ಕಟ್ಟುವ ಸಲಕರಣೆಗಳ ಗಂಟು) ಬಿಟ್ಟು ಮೇಲೇರುವುದು ಆಗದಿದ್ದರೆ ಪ್ಯಾಚ್‌ಗಳನ್ನಷ್ಟೇ ಹಳೆಯ ಮೂಲಕ್ಕೆ ಹಾಕಬಹುದು, ಮತ್ತು ಬೇಡದ ಹಶ್ ಅನ್ನು ಕಾನ್ಫಿಗ್‌ನಲ್ಲೇ ತೆಗೆಯಬಹುದು. ಇಂಥ ಪೆಟ್ಟಿಗೆಗಳ ಸ್ಕ್ವಾಶ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಓದಲಷ್ಟೇ ಬರುವುದರಿಂದ ಒಂದು ಫೈಲ್ ಬದಲಿಸಿದರೂ ಇಡೀ ಇಮೇಜ್ ಮತ್ತೆ ಕಟ್ಟಿ ಫ್ಲ್ಯಾಶ್ ಮಾಡಲೇಬೇಕು. ಅದಕ್ಕೂ ಮೊದಲು, ಶೆಲ್ ಕರೆದ ಕಡೆಯೆಲ್ಲ ಹಿಂದಿರುಗಿದ ಸ್ಥಿತಿಯನ್ನು ಲಾಗ್‌ಗೆ ಬರೆಸಿ: ಸಿಗ್ನಲ್ 11 (ತಪ್ಪು ಮೆಮೊರಿ ಮುಟ್ಟಿ ಕುಸಿದದ್ದರ ಗುರುತು), ಅಥವಾ ಇನ್ನೊಂದು ಶೆಲ್ ಮೂಲಕ ಬಂದರೆ 139, ಕಂಡ ದಿನವೇ ಯಾವ ಇನ್‌ಪುಟ್ ಬಂದಿತ್ತೆಂದು ಹುಡುಕಿ.