ಮೂನ್‌ಲೈಟ್ ಸೆರೆನೇಡ್: ಟೆಂಪೋ, ಕೀ, ಮೂಡ್ ಬಗ್ಗೆ ನೋಟ್ಸ್

ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವಾದ್ಯವೃಂದ) ಬ್ಯಾಲಡ್, ಅಂದ್ರೆ ನಿಧಾನದ ಹಾಡು, ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳೋಕೆ ಗ್ಲೆನ್ ಮಿಲ್ಲರ್ ಬ್ಯಾಂಡಿನ ಇದೊಂದೇ ಟ್ರ್ಯಾಕ್ ಸಾಕು ಅನ್ಸುತ್ತೆ ನಂಗೆ. 1939ರ ಏಪ್ರಿಲ್‌ನಲ್ಲಿ ಬ್ಲೂಬರ್ಡ್ ಲೇಬಲ್‌ಗೆ ರೆಕಾರ್ಡ್ ಆಗಿದ್ದು, ಟ್ಯೂನ್ ಮಿಲ್ಲರ್‌ದೇ, ಅದೇ ಆ ಬ್ಯಾಂಡಿನ ಥೀಮ್ ಸಾಂಗ್ ಕೂಡ. ಮಿಚೆಲ್ ಪ್ಯಾರಿಶ್ ಬರೆದ ಸಾಹಿತ್ಯ ಇದೆ, ಆದ್ರೆ ಈ ರೆಕಾರ್ಡಲ್ಲಿ ಯಾರೂ ಹಾಡಲ್ಲ, ಬರೀ ವಾದ್ಯ.

ಟೆಂಪೋ ಮೊದ್ಲು. ನಿಮಿಷಕ್ಕೆ 80ರ ಆಸುಪಾಸು ಬೀಟ್ ಇಟ್ಕೊಳಿ. ಕೆಲವು ಆ್ಯಪ್ 160 ತೋರ್ಸಿದ್ರೆ ಗಾಬರಿ ಬೇಡ, ಅದು ಡಬಲ್ ಎಣಿಸಿರುತ್ತೆ ಅಷ್ಟೇ, ಕಾಲಲ್ಲಿ ತಾಳ ಹಾಕ್ತಾ ಕೇಳಿ, ಕಾಲು ಎಲ್ಲಿ ಆರಾಮಾಗಿ ಬೀಳುತ್ತೋ ಅದೇ ಬೀಟು. ಒಂದೊಂದು ಬೀಟಿನ ಒಳಗೆ ಮೂರು ಭಾಗದ ತೂಗಾಟ ಇದೆ, ಕರ್ನಾಟಕ ಸಂಗೀತ ಕಲ್ತೋರಿಗೆ ತಿಶ್ರ ನಡೆ ಅಂದ್ರೆ ತಕ್ಷಣ ಗೊತ್ತಾಗುತ್ತೆ. ನಿಧಾನ ಇದ್ರೂ ಎಳೆದಾಡಿದ ಹಾಗೆ ಕೇಳದೇ ಇರೋದು ಇದ್ರಿಂದಾನೇ.

ಇನ್ನೊಂದು ಲೆಕ್ಕ. ಒಂದು ಪೂರ್ತಿ ಸುತ್ತು 12, 12, 8, 12 ಬಾರ್ (ಒಂದು ಬಾರ್ ಅಂದ್ರೆ ಇಲ್ಲಿ ನಾಲ್ಕು ಬೀಟು), ಒಟ್ಟು 44 (ಆ ಕಾಲದ ಮಾಮೂಲಿ 32 ಬಾರ್ ಅಲ್ಲ, ಗಮನಿಸಿ). 44 ಬಾರಿಗೆ 176 ಬೀಟು, 80ರ ವೇಗದಲ್ಲಿ 2 ನಿಮಿಷ 12 ಸೆಕೆಂಡು. ಆಗಿನ ಹತ್ತಿಂಚಿನ 78 ಆರ್‌ಪಿಎಂ ತಟ್ಟೇಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಜಾಗ, ಹಾಗಾಗಿ ಇಂಥ ಬ್ಯಾಲಡ್‌ಗೆ ಎರಡು ಪೂರ್ತಿ ಸುತ್ತು ಹಿಡ್ಸೋಕೇ ಆಗಲ್ಲ. ಉದ್ದುದ್ದ ಸೋಲೋ ಯಾಕಿಲ್ಲ ಅಂತ ಕೇಳೋರಿಗೆ ಅರ್ಧ ಉತ್ತರ ಇಲ್ಲೇ ಇದೆ.

ಕೀ, ಅಂದ್ರೆ ಹಾಡು ನಿಂತಿರೋ ಆಧಾರ ಸ್ವರ ಮತ್ತು ಅದರ ಸ್ವರಗುಂಪು, ಎಫ್ ಮೇಜರ್. ಕೆಲವು ಊದೋ ವಾದ್ಯಗಳಲ್ಲಿ ಬರೆದ ಸ್ವರವೇ ಬೇರೆ, ಕೇಳೋ ಸ್ವರವೇ ಬೇರೆ, ಹಾಗಾಗಿ ಬಿ ಫ್ಲ್ಯಾಟ್ ಕ್ಲಾರಿನೆಟ್, ಟೆನರ್ ಸ್ಯಾಕ್ಸ್ ನುಡಿಸೋರಿಗೆ ಇದು ಕಾಗದದ ಮೇಲೆ ಜಿ ಮೇಜರ್, ಆಲ್ಟೋದವ್ರಿಗೆ ಡಿ ಮೇಜರ್. ಊದೋ ವಾದ್ಯದವ್ರಿಗೆ ಎಫ್‌ನಂಥ ಫ್ಲ್ಯಾಟ್ ಇರೋ ಕೀಗಳೇ ಸಲೀಸು. ಹಳೇ ತಟ್ಟೆಯಿಂದ ಡಿಜಿಟಲ್ ಮಾಡಿರೋ ಕಾಪಿ ಜೊತೆ ನುಡಿಸುವಾಗ ಶ್ರುತಿ ಕೂಡದೇ ಹೋದ್ರೆ ವೇಗ ಅನುಮಾನಿಸಿ, ತಟ್ಟೆ ಸುಮಾರು 6% ಜಾಸ್ತಿ ತಿರುಗಿದ್ರೆ ಇಡೀ ಹಾಡು ಅರ್ಧ ಸ್ವರ ಮೇಲಕ್ಕೆ ಹೋಗುತ್ತೆ.

ಈಗ ಮೂಡ್. ಮೇಜರ್ ಅಂದ್ರೆ ಖುಷಿ, ಮೈನರ್ ಅಂದ್ರೆ ದುಃಖ ಅಂತ ಬಾಯಿಪಾಠ ಮಾಡ್ಕೊಂಡಿರ್ತೀವಲ್ಲ, ಈ ಹಾಡಿನ ಮುಂದೆ ಅದು ನಡೆಯಲ್ಲ, ಪಕ್ಕಾ ಮೇಜರ್ ಆದ್ರೂ ಒಳಗೊಳಗೇ ಒಂದು ಹಂಬಲ ಇದೆ. ಎಲ್ಲಿಂದ ಬಂತು? ಶುರುವಿನ ಮೂರು ಕಾರ್ಡ್ (ಒಟ್ಟಿಗೇ ನುಡಿಸೋ ಸ್ವರಗಳ ಗುಂಪು) ನೋಡಿ: ಎಫ್ ಸಿಕ್ಸ್, ಎ ಫ್ಲ್ಯಾಟ್ ಡಿಮಿನಿಶ್ಡ್, ಜಿ ಮೈನರ್ ಸೆವೆನ್. ಮೊದಲನೇದ್ರಲ್ಲಿ ಎಫ್, ಎ, ಸಿ, ಡಿ ಇವೆ, ಡಿ ಮೈನರ್ ಸೆವೆನ್‌ನಲ್ಲೂ ಇವೇ ನಾಲ್ಕು ಸ್ವರ, ಅಂದ್ರೆ ಮೊದಲ ಕಾರ್ಡಲ್ಲೇ ಮೈನರ್ ಬಚ್ಚಿಟ್ಕೊಂಡಿದೆ. ಆಮೇಲೆ ಎಫ್ ಮತ್ತು ಡಿ ಕದಲದೇ ನಿಲ್ತವೆ, ಎ ಇಳಿದು ಎ ಫ್ಲ್ಯಾಟ್ ಆಗಿ ಜಿಗೆ ಬರುತ್ತೆ, ಸಿ ಇಳಿದು ಬಿ ಆಗಿ ಬಿ ಫ್ಲ್ಯಾಟಿಗೆ ಬರುತ್ತೆ, ಎರಡೂ ಒಟ್ಟಿಗೇ ಅರ್ಧರ್ಧ ಸ್ವರ ಜಾರ್ತಾ. ಎಫ್‌ನ ಷಡ್ಜ ಮಾಡ್ಕೊಂಡ್ರೆ ಎ, ಎ ಫ್ಲ್ಯಾಟ್, ಜಿ ಅನ್ನೋ ಸಾಲು ಅಂತರ ಗಾಂಧಾರ, ಸಾಧಾರಣ ಗಾಂಧಾರ, ಚತುಃಶ್ರುತಿ ರಿಷಭ. ಮೇಜರ್‌ಗೆ ಸಮನಾದ ಶಂಕರಾಭರಣದಲ್ಲಿ ಸಾಧಾರಣ ಗಾಂಧಾರ ಇಲ್ಲವೇ ಇಲ್ಲ, ಆ ಒಂದು ಹೊರಗಿನ ಸ್ವರ ಬಂದು ಹೋಗೋ ಗಳಿಗೇಲೇ ಎದೆಯೊಳಗೆ ಏನೋ ಆಗೋದು. (ಅದಕ್ಕೇಂತ ಇದ್ರಲ್ಲಿ ರಾಗ ಹುಡುಕ್ಬೇಡಿ, ಇಳಿತಾ ಇರೋದು ಹಾರ್ಮನಿ.)

ಉಳಿದಿದ್ದೆಲ್ಲ ನಾದದ ಕೆಲಸ. ಮೆಲೊಡಿ ಮೇಲೆ ಕ್ಲಾರಿನೆಟ್, ಅದೇ ಸಾಲನ್ನ ಒಂದು ಸ್ಥಾಯಿ ಕೆಳಗೆ ಟೆನರ್ ಸ್ಯಾಕ್ಸ್, ನಡುವಿನ ಜಾಗಕ್ಕೆ ಉಳಿದ ಸ್ಯಾಕ್ಸ್‌ಗಳು ಒತ್ತೊತ್ತಾಗಿ. ಬ್ಯಾಂಡ್‌ಗೆ ಹೆಸರು ತಂದಿದ್ದೇ ಈ ಜೋಡಣೆ. ನನ್ ಪ್ರಕಾರ ಟೆಂಪೋ, ಕೀ ಎರಡನ್ನೂ ಹಾಗೇ ಇಟ್ಟು ಬರೀ ಟ್ರಂಪೆಟ್‌ಗೆ ಮೆಲೊಡಿ ಕೊಟ್ರೆ ಮೂಡ್ ಅರ್ಧಕ್ಕರ್ಧ ಹೋಗುತ್ತೆ.

ಪ್ರಾಕ್ಟೀಸ್‌ಗೆ: ಮೂರು ಕಾರ್ಡನ್ನ ಕೀಬೋರ್ಡಲ್ಲಿ ಹಿಡಿದು, ಎಫ್ ಮತ್ತು ಡಿ ಮೇಲಿನ ಬೆರಳು ಎತ್ತದೇ ಉಳಿದೆರಡನ್ನ ಮಾತ್ರ ಇಳಿಸಿ. ಆಮೇಲೆ ಹೆಡ್‌ಫೋನ್ ಹಾಕ್ಕೊಂಡು ಕ್ಲಾರಿನೆಟ್ ಬಿಟ್ಟು ಕೆಳಗಿನ ಟೆನರ್‌ನ ಮಾತ್ರ ಹಿಂಬಾಲಿಸಿ.