ಪಿಎಸ್‌ಎ ಜಾಸ್ತಿ ಬಂದರೆ ಮೊದಲು ಸ್ಕ್ಯಾನ್, ಆಮೇಲೆ ಸೂಜಿ

ಸಕಲೇಶಪುರ, ಆಲೂರು ಕಡೆಯಿಂದ ಹಾಸನಕ್ಕೆ ತೋರಿಸಲು ಬರುವ ಅರವತ್ತು ದಾಟಿದವರ ಕೈಯಲ್ಲಿ ಈಗೀಗ ಒಂದು ಲ್ಯಾಬ್ ರಿಪೋರ್ಟ್ ಇರುತ್ತದೆ. ಪಿಎಸ್‌ಎ, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್, 7 ಅಂತಲೋ 9 ಅಂತಲೋ ಬಂದಿರುತ್ತದೆ. ಜೊತೆಗೆ ಬಂದ ಮಗ, ಅಪ್ಪನಿಗೆ ಕೇಳಿಸದ ಹಾಗೆ, "ಕ್ಯಾನ್ಸರಾ ಡಾಕ್ಟ್ರೇ?" ಅನ್ನುತ್ತಾನೆ.

ಆ ನಂಬರ್ ಒಂದನ್ನೇ ನೋಡಿ ಹೇಳೋಕೆ ಆಗಲ್ಲ. ವಯಸ್ಸಾಗಿ ಪ್ರಾಸ್ಟೇಟ್ ದೊಡ್ಡದಾದರೂ, ಮೂತ್ರದಲ್ಲಿ ಸೋಂಕಾದರೂ, ಮೂತ್ರ ಹೋಗಲು ನಳಿಕೆ (ಕ್ಯಾತಿಟರ್) ಹಾಕಿದ್ದರೂ ಪಿಎಸ್‌ಎ ಏರುತ್ತದೆ. ಸೋಂಕಿದ್ದರೆ ವಾಸಿಮಾಡಿ, ಕೆಲವು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಆಗಲೂ ಇಳಿಯದಿದ್ದರೆ ಎಂಆರ್‌ಐ ಸ್ಕ್ಯಾನ್.

ಬಯಾಪ್ಸಿ, ಅಂದರೆ ಸೂಜಿ ಚುಚ್ಚಿ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದನ್ನು, ಮುಗಿಸಿಕೊಂಡು ಸ್ಕ್ಯಾನ್‌ಗೆ ಬರುವವರು ಇನ್ನೂ ಇದ್ದಾರೆ, ಅದು ತಿರುವುಮುರುವು. ಸೂಜಿ ಹೋದ ಕಡೆಯೆಲ್ಲ ರಕ್ತ ಕಟ್ಟಿರುತ್ತದೆ, ಚಿತ್ರದಲ್ಲಿ ಗಂಟು ಯಾವುದು, ರಕ್ತದ ಕಲೆ ಯಾವುದು ಅಂತ ಬಿಡಿಸುವುದು ಕಷ್ಟ, ಎಷ್ಟೋ ವಾರ ಕಾಯಬೇಕಾಗುತ್ತದೆ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ 576 ಗಂಡಸರಿಗೆ ಎಂಆರ್‌ಐ, ಬಯಾಪ್ಸಿ ಎರಡೂ ಮಾಡಿದರು. ಅಪಾಯದ ಕ್ಯಾನ್ಸರ್ ಇದ್ದವರಲ್ಲಿ ಎಂಆರ್‌ಐ ಶೇಕಡ 93ರಷ್ಟು ಜನರನ್ನು ಹಿಡಿಯಿತು. ಅಲ್ಟ್ರಾಸೌಂಡ್ ನೋಡಿಕೊಂಡು ಅಲ್ಲಲ್ಲಿ ಚುಚ್ಚುವ ಹಳೆಯ ಬಯಾಪ್ಸಿ ಹಿಡಿದದ್ದು ಶೇಕಡ 48 ಅಷ್ಟೇ. ಅರ್ಧಕ್ಕರ್ಧ ತಪ್ಪಿಹೋಗಿತ್ತು ಅಲ್ವಾ?

ಚಿತ್ರದಲ್ಲಿ ನಾವು ನೋಡುವುದು ಹೀಗೆ. ಪ್ರಾಸ್ಟೇಟಿನ ಹೊರಭಾಗ ಮಾಮೂಲಿಯಾಗಿ ಬೆಳ್ಳಗೆ ಕಾಣುತ್ತದೆ, ಕ್ಯಾನ್ಸರ್ ಇದ್ದರೆ ಅಲ್ಲಿ ಕಪ್ಪು ಕಲೆ. ಇನ್ನೊಂದು ಬಗೆಯ ಚಿತ್ರ ನೀರಿನ ಓಡಾಟ ತೋರಿಸುತ್ತದೆ. ಹಾಸನಾಂಬೆ ದರ್ಶನದ ಕ್ಯೂನಲ್ಲಿ ಜನ ಅಲ್ಲಾಡೋಕೆ ಆಗದ ಹಾಗೆ, ಒತ್ತೊತ್ತಾಗಿ ಬೆಳೆದ ಕ್ಯಾನ್ಸರ್ ಕಣಗಳ ನಡುವೆ ನೀರು ಸಿಕ್ಕಿಕೊಂಡಿರುತ್ತದೆ. ಎರಡರಲ್ಲೂ ಒಂದೇ ಜಾಗ ಎದ್ದು ಕಂಡರೆ ನಮಗೆ ಅನುಮಾನ ಗಟ್ಟಿಯಾಗುತ್ತದೆ.

ಈ ಅನುಮಾನ ಎಷ್ಟು ಗಟ್ಟಿ ಅಂತ ತೋರಿಸಲು 1ರಿಂದ 5ರವರೆಗೆ ಪೈ-ರಾಡ್ಸ್ ಅಂಕ ಕೊಡುತ್ತೇವೆ. 4, 5 ಬಂದರೆ ಆ ಜಾಗಕ್ಕೇ ಗುರಿಯಿಟ್ಟು ಬಯಾಪ್ಸಿ. 5 ಬಂತು ಅಂದರೂ ಕ್ಯಾನ್ಸರ್ ಅಂತ ತೀರ್ಮಾನ ಆಗಲ್ಲ, ಅದನ್ನು ಹೇಳಬೇಕಾದ್ದು ಬಯಾಪ್ಸಿಯೇ. 1, 2 ಬಂದರೆ ಎಷ್ಟೋ ಜನಕ್ಕೆ ಸೂಜಿ ತಪ್ಪುತ್ತದೆ, ಆದರೆ ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಇದ್ದರೆ, ಗ್ರಂಥಿಯ ಗಾತ್ರಕ್ಕೆ ಹೋಲಿಸಿದರೆ ಪಿಎಸ್‌ಎ ಜಾಸ್ತಿ ಇದ್ದರೆ ಸುಮ್ನೆ ಮನೆಗೆ ಕಳಿಸಲ್ಲ.

ಎಂಆರ್‌ಐನಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ. ಪೇಸ್‌ಮೇಕರ್, ಸೊಂಟದಲ್ಲಿ ಲೋಹದ ಕೀಲು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಸ್ಕ್ಯಾನ್ ಆಗಲೇ ಮಾಡಿಸಿದ್ದರೆ ಬರುವಾಗ ರಿಪೋರ್ಟಿನ ಹಾಳೆ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ತನ್ನಿ.