ಆಸರೆ ಕೊಟ್ಟ ಮನೆಗೂ ಖರ್ಚಿದೆ

ನೆರೆ ಪುನರ್ವಸತಿ ಕೆಲಸಕ್ಕೆಂದು ರಾಯಚೂರು ಜಿಲ್ಲೆಯ ಹೊಳೆದಂಡೆಯ ಊರುಗಳಿಗೆ ಹೋದಾಗಲೆಲ್ಲ ಈ ಮಾತು ಕೇಳುತ್ತೇನೆ: 'ಮನಿ ಹೋದೋರಿಗೆ ಪರಿಹಾರ ಐತ್ರಿ. ಅವ್ರನ್ನ ಇಟ್ಕೊಂಡೋರಿಗೆ ಏನೈತ್ರಿ?'

ಇದು ನ್ಯಾಯವಾದ ಪ್ರಶ್ನೆ. 2009ರ ಅಕ್ಟೋಬರ್ ನೆರೆಯಲ್ಲಿ ಎಲ್ಲರೂ ಗಂಜಿ ಕೇಂದ್ರಕ್ಕೆ ಹೋಗಲಿಲ್ಲ. ಎಷ್ಟೋ ಜನ ಎತ್ತರದ ಊರಿನ ನೆಂಟರ ಮನೆ ಸೇರಿದರು. ಅಲ್ಲಿ ಜೋಳದ ಚೀಲ ಬೇಗ ಬರಿದಾಗುತ್ತದೆ, ಸಿಲಿಂಡರ್ ಬೇಗ ಮುಗಿಯುತ್ತದೆ. ಪರಿಹಾರದ ಹಣ ಮಾತ್ರ ಮನೆ ಕಳೆದುಕೊಂಡವರ ಹೆಸರಿಗೇ ಬರುತ್ತದೆ. ಅದನ್ನು ಅವರಿಂದ ಕೇಳುವುದು ಹೇಗೆ?

ಯುದ್ಧದಿಂದ ಓಡಿಬಂದವರ ವಿಷಯದಲ್ಲಿ ಬ್ರಿಟನ್ ಇದಕ್ಕೊಂದು ದಾರಿ ಮಾಡಿತು. 2022ರ ಮಾರ್ಚ್‌ನಲ್ಲಿ ಶುರುವಾದ 'ಹೋಮ್ಸ್ ಫಾರ್ ಉಕ್ರೇನ್' ಯೋಜನೆಯಲ್ಲಿ, ಉಕ್ರೇನಿನವರನ್ನು ಇಟ್ಟುಕೊಂಡ ಮನೆಗೆ ತಿಂಗಳಿಗೆ 350 ಪೌಂಡ್ ಕೊಟ್ಟರು. ಕನಿಷ್ಠ 6 ತಿಂಗಳು ಇಟ್ಟುಕೊಳ್ಳುತ್ತೇವೆಂದು ಒಪ್ಪಬೇಕಿತ್ತು. ಬಾಡಿಗೆ ಕೇಳುವಂತಿರಲಿಲ್ಲ. ಸ್ಥಳೀಯ ಆಡಳಿತದವರು ಬಂದು ಮನೆ ನೋಡುತ್ತಿದ್ದರು, ಮನೆಯವರ ಹಿನ್ನೆಲೆಯನ್ನೂ ಪರಿಶೀಲಿಸುತ್ತಿದ್ದರು. ಈ ತಪಾಸಣೆ ತುಂಬಾ ಮುಖ್ಯ. ಬರುವವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ ಅಲ್ವಾ?

ಅಲ್ಲಿ ಹಣ ಮನೆಗೆ ಇಷ್ಟು ಎಂದಿತ್ತು, ತಲೆಗೆ ಇಷ್ಟು ಎಂದಲ್ಲ. ಹೀಗಿದ್ದರೆ ದುಡ್ಡಿಗಾಗಿ ಒಂದೇ ಕೋಣೆಯಲ್ಲಿ ಜನ ತುಂಬುವ ಆಸೆ ಹುಟ್ಟುವುದಿಲ್ಲ. ಆದರೆ ತಾಯಿ ಮತ್ತು ಮೂವರು ಮಕ್ಕಳನ್ನು ಸಾಕುವ ಮನೆಗೂ, ಒಬ್ಬರನ್ನೇ ಇಟ್ಟುಕೊಂಡ ಮನೆಗೂ ಅಷ್ಟೇ ಹಣ. ಪೋಲೆಂಡ್ ತಲೆಲೆಕ್ಕ ಹಿಡಿಯಿತು: ಒಬ್ಬರಿಗೆ ದಿನಕ್ಕೆ 40 ಝ್ಲೋಟಿ (ಅಲ್ಲಿನ ಹಣ), ಸಾಮಾನ್ಯವಾಗಿ ಹೆಚ್ಚೆಂದರೆ 120 ದಿನ. ನಮ್ಮಲ್ಲಿ ಎರಡೂ ಸೇರಬೇಕು ಅನ್ನುತ್ತೇನೆ. ಮನೆಗೆ ನಿಗದಿತ ಹಣ, ತಲೆಗೆ ರೇಷನ್.

ದಿನ ಕಳೆದಂತೆ ಇಟ್ಟುಕೊಂಡವರ ಭಾರ ಹೆಚ್ಚುತ್ತದೆ. ಐರ್ಲೆಂಡ್ ಉಕ್ರೇನಿನವರನ್ನು ಇಟ್ಟುಕೊಂಡ ಮನೆಗೆ ತಿಂಗಳಿಗೆ 400 ಯೂರೋ ಕೊಡುತ್ತಿದ್ದದ್ದನ್ನು 2022ರ ಡಿಸೆಂಬರ್‌ನಲ್ಲಿ 800ಕ್ಕೆ ಏರಿಸಿತು. ನಮ್ಮಲ್ಲಿ ನೀರು ಇಳಿದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ಬಿದ್ದ ಗೋಡೆ ಏಳುವವರೆಗೂ ಜನ ನೆಂಟರ ಮನೆಯಲ್ಲೇ ಇರುತ್ತಾರೆ.

ಭಾರತದಲ್ಲಿ ನಿರಾಶ್ರಿತರಿಗೆಂದೇ ಒಂದು ಕಾನೂನಿಲ್ಲ. 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೂ ನಾವು ಸಹಿ ಹಾಕಿಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳಿಗೆ ಸಿಂಧನೂರು ತಾಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳನ್ನೇ (ಪುನರ್ವಸತಿ ಕ್ಯಾಂಪುಗಳನ್ನೇ) ಕಟ್ಟಿದರು. ಮನೆಗಳಲ್ಲಿ ಇರಿಸುವ ಪದ್ಧತಿ ಸರ್ಕಾರಿ ಕಡತಕ್ಕೆ ಬರಲೇ ಇಲ್ಲ.

ನೆರೆ ಬಂದಾಗ ಗ್ರಾಮ ಆಡಳಿತಾಧಿಕಾರಿ ಹಾನಿಯ ಪಟ್ಟಿ ಬರೆಯುತ್ತಾರೆ. ಕುಟುಂಬ ಯಾರ ಮನೆಯಲ್ಲಿದೆ ಅನ್ನುವ ಒಂದು ಕಾಲಂ ಅದರಲ್ಲಿ ಸೇರಲಿ. ಆಗ ಆ ಮನೆಯ ಖಾತೆಗೂ ಹಣ ಹಾಕಬಹುದು. ಅಲ್ಲಿಯವರೆಗೆ ಇಷ್ಟು ಮಾಡಿ: ಬಂದವರು ತಮ್ಮ ಪಾಲಿನ ರೇಷನ್ನನ್ನು ಇಟ್ಟುಕೊಂಡವರ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಹೆಬ್ಬೆಟ್ಟು ಕೊಟ್ಟು ಪಡೆಯಬಹುದು. ಕಾರ್ಡ್ ನಂಬರ್ ಬರೆದಿಟ್ಟುಕೊಂಡು ಹೊರಡಿ.